ಮೊಳೆಯ ಸುತ್ತ ಕಪ್ಪು ಉಂಗುರ

ಭಾನುವಾರ, ಊಟವಾದ ಮೇಲೆ

ನನ್ನ ಗುಬ್ಬಿಗೆ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಹೊಟ್ಟೆಯೊಳಗಿನದನ್ನು ಕಕ್ಕಿಬಿಡುತ್ತೇನೆ. ಮೊನ್ನೆ ನಿಮ್ಮಪ್ಪ ನನಗೆ ಶಭಾಷ್ ಅಂದರು. ಹೌದು, ನಿಮ್ಮಪ್ಪನೇ, ಅದೂ ನನಗೇ. ನೀನು ಹುಟ್ಟುವುದಕ್ಕೂ ಮುಂಚಿನಿಂದ ಅವರು ಬಡಿದು ಮಾಡಿದ ಚಾಕುಗಳಿಗೆ ನಾನು ಹಿಡಿ ಕೂರಿಸುತ್ತಾ ಬಂದಿದ್ದೇನೆ. ಪ್ರತಿ ಹಿಡಿಯನ್ನೂ ತಿರುಗಿಸಿ ನೋಡಿ, ಆಗಬಹುದು ಅಂದವರೇ ಹೊರತು ಅದರ ಮೇಲೊಂದು ಮಾತು ಅವರ ಬಾಯಿಂದ ಉದುರಿದ್ದಿಲ್ಲ. ಅಂಥವರು ಶಭಾಷ್ ಅಂದ ದಿನ ನಾನು ಕುಣಿದಾಡಬೇಕಿತ್ತು. ಅವತ್ತಿನಿಂದ ಕಂಡಕಂಡವರ ಮೇಲೆ ಸಿಡುಕುತ್ತಿದ್ದೇನೆ. ಇದಕ್ಕೆಲ್ಲ ಕಾರಣ ನಿನ್ನ ಮುದ್ದಿನ ಅತ್ತಿಗೆ.

ನೀನು ಅವಳ ಪಕ್ಷ ಎಂದು ಗೊತ್ತು. ಫೋನ್ ಮಾಡಿದರೆ ಅವಳ ಜೊತೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತೀಯ. ಫೋನು ನನ್ನ ಕೈಗೆ ಬಂದ ತಕ್ಷಣ ನಿನಗೆ ಕೆಲಸ ನೆನಪಾಗುತ್ತದೆ. ಅದಕ್ಕೇ ಈ ಪತ್ರ. ಇದನ್ನು ಅರ್ಧಕ್ಕೆ ಇಟ್ಟುಬಿಡಲು ನಿನಗೆ ಮನಸ್ಸು ಬರುವುದಿಲ್ಲ.

ಅವಳಿಗೆ ಕೆಲಸ ಕಲಿಸಿದವಳು ನಾನೇ. ಹಿಡಿ ಹಾಳಾಗುವುದು ಹೆಚ್ಚಾಗಿ ಬಿಸಿಯಿಂದ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದೆ. ಮಷಿನ್ನಿನಲ್ಲಿ ಮರ ಉಜ್ಜುವ ಮರಳುಕಾಗದದ ಬೆಲ್ಟು ಗರಗರ ತಿರುಗುವಾಗ ಹಿಡಿಯನ್ನು ಒತ್ತಿ ಹಿಡಿದರೆ ಮರ ಕಂದುತ್ತದೆ. ಮರಕ್ಕಿಂತ ಮೊದಲು ಅದರಲ್ಲಿ ಹೊಡೆದ ಹಿತ್ತಾಳೆ ಮೊಳೆ ಕಾಯುತ್ತದೆ. ಮೊಳೆ ಕಾದರೆ ಒಳಗಿನ ಅಂಟು ಮೆತ್ತಗಾಗಿ ಹಿಡಿ ಸಡಿಲವಾಗುತ್ತದೆ. ಅದಕ್ಕೇ ಬೆಲ್ಟು ಸವೆಯುವ ಮೊದಲೇ ಬದಲಿಸಬೇಕು, ಹಗುರವಾಗಿ ಮುಟ್ಟಿಸಿ ಮುಟ್ಟಿಸಿ ತೆಗೆಯಬೇಕು, ಅಲಗಿಗೆ ಒದ್ದೆ ಬಟ್ಟೆ ಸುತ್ತಿರಬೇಕು. ಕೈಗವಸಂತೂ ಹಾಕಲೇಬಾರದು. ಬೆರಳಿಗೆ ಬಿಸಿ ಅನ್ನಿಸಿದ ಕೂಡಲೇ ನಿಲ್ಲಿಸಬೇಕು. ಈ ಕೆಲಸದಲ್ಲಿ ಬೆರಳೇ ಕಾವಲುಗಾರ.

ಅವಳು ಎಲ್ಲವನ್ನೂ ಕಲಿತಳು, ಮೇಲೆ ತನ್ನದೊಂದನ್ನು ಸೇರಿಸಿಕೊಂಡಳು. ಆಗಾಗ ಹಿಡಿಯನ್ನು ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಾಳೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವವರ ಹಾಗೆ. ಬೆರಳು ಸಾಲದೇನಮ್ಮ ಅಂತ ಕೇಳಿದರೆ, ನಿಮ್ಮ ಬೆರಳಿನಷ್ಟು ಬುದ್ಧಿ ನನ್ನ ಬೆರಳಿಗೆ ಎಲ್ಲಿಂದ ಬರಬೇಕು ಅತ್ತೆ ಅಂತ ನಗುತ್ತಾಳೆ. ಬಂದ ಗಿರಾಕಿಗಳು ನನ್ನನ್ನು ದಾಟಿಕೊಂಡು ಹೋಗಿ ಅವಳ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ನಿನ್ನ ಅಣ್ಣ ಅವಳು ಹಾಗೆ ಕೂತಿರುವ ಫೋಟೋ ತೆಗೆದು ಅಂಗಡಿಯ ಬಾಗಿಲಿಗೇ ಅಂಟಿಸಿದ್ದಾನೆ. ಆ ಫೋಟೋ ತೆಗೆಯುವಾಗ ನನಗೆ ಹೇಳಿದ್ದು ಒಂದೇ ಮಾತು, ಅಮ್ಮಾ ಸ್ವಲ್ಪ ಆ ಕಡೆ ಸರಿ, ಬೆಳಕಿಗೆ ಅಡ್ಡ ಬರ್ತಿದ್ದೀಯ ಅಂತ. ದಿನಾ ಆ ಬಾಗಿಲಲ್ಲಿ ಓಡಾಡುವವಳು ನಾನು.

ಈಗ ವಿಷಯಕ್ಕೆ ಬರುತ್ತೇನೆ. ಒಂದು ದೊಡ್ಡ ಹೋಟೆಲಿನ ಮುಖ್ಯ ಅಡುಗೆಯವನು ಬಂದಿದ್ದ. ಅವನ ಅಡುಗೆಮನೆಯ ಪ್ರತಿಯೊಬ್ಬರಿಗೂ ಅವರವರ ಕೈಗೆ ಹೊಂದುವ ಚಾಕು ಬೇಕಂತೆ. ಆದರೆ ಹಿಡಿಗಳೆಲ್ಲ ಒಬ್ಬರ ಕೈಯಿಂದಲೇ ಆಗಬೇಕಂತೆ. ನಾನು ಆಗಲೇ ತೋಳು ಮಡಿಸಿದ್ದೆ. ಅಷ್ಟರಲ್ಲಿ ನಿಮ್ಮಪ್ಪ, ಅತ್ತೆ ಸೊಸೆ ಒಂದೊಂದು ಮಾಡಿ ತೋರಿಸಲಿ, ಯಾರದು ಚೆನ್ನಾಗಿರುತ್ತದೋ ಅವರು ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಎಲ್ಲವನ್ನೂ ಮಾಡಲಿ ಅಂದುಬಿಟ್ಟರು. ಕಿಟಕಿ ಪಕ್ಕದ ಮೇಜು, ಗುಬ್ಬಿ! ಒಂದು ಕಾಲಿನಿಂದ ನಿನ್ನ ತೊಟ್ಟಿಲು ತೂಗುತ್ತಾ ನಾನು ಹಿಡಿ ಉಜ್ಜಿದ ಜಾಗ ಅದು. ಅದಕ್ಕೂ ಈಗ ಪರೀಕ್ಷೆ ಬರೆಯಬೇಕಾಯಿತು.

ಅವಳು ಹೊಸ ಬೆಲ್ಟು ಹಾಕಿಕೊಂಡಳು. ನನ್ನದಕ್ಕೆ ಇನ್ನೂ ಜೀವ ಇದೆ ಎಂದು ನಾನು ಹಳೆಯದರಲ್ಲೇ ಕೂತೆ. ಅವಳಿಗಿಂತ ಮೊದಲು ಮುಗಿಸಬೇಕೆಂಬ ಹಟಕ್ಕೆ ಸ್ವಲ್ಪ ಒತ್ತಿಯೇ ಉಜ್ಜಿದೆ. ಒಂದಷ್ಟು ಹೊತ್ತಿಗೆ ಕರಕಲು ವಾಸನೆ ಬಂತು. ಅವಳ ಕಡೆ ತಿರುಗಿ, ಯಾರದೋ ಮರ ಸುಡುತ್ತಿದೆಯಲ್ಲ, ಮೂಗು ಮನೆಯಲ್ಲಿ ಬಿಟ್ಟು ಬಂದಿದ್ದೀರಾ ಅಂತ ಜೋರಾಗಿಯೇ ಕೇಳಿದೆ. ಅವಳು ಮಷಿನ್ ನಿಲ್ಲಿಸಿ ಎದ್ದು ಬಂದಳು. ನನ್ನ ಕೈಯಲ್ಲಿದ್ದ ಹಿಡಿಯ ಮೊಳೆಯನ್ನು ಮುಟ್ಟಿದವಳೇ ಚುರ್ ಎಂದು ಕೈ ಕೊಡವಿಕೊಂಡಳು. ಆಮೇಲೆ ಪಕ್ಕದ ಮೊಳೆಯ ಮೇಲೆ ಆರಾಮವಾಗಿ ಕೂತಿದ್ದ ನನ್ನ ಹೆಬ್ಬೆರಳನ್ನು ನೋಡಿದಳು. ಒದ್ದೆ ಬಟ್ಟೆಯ ಬಟ್ಟಲನ್ನು ನನ್ನ ಹತ್ತಿರಕ್ಕೆ ಸರಿಸಿ ಹೋದಳು. ನನಗೇ ಪಾಠ ಹೇಳುತ್ತಾಳೆಯೇ ಎಂದು ನಾನು ಇನ್ನಷ್ಟು ಒತ್ತಿದೆ.

ಸಂಜೆ ಎರಡು ಚಾಕುಗಳನ್ನೂ ನಿಮ್ಮಪ್ಪನ ಮುಂದೆ ಇಟ್ಟೆವು. ಅವರು ಮೊದಲು ಎತ್ತಿಕೊಂಡದ್ದರಲ್ಲಿ ಮೊಳೆಗಳ ಸುತ್ತ ಕಪ್ಪು ಉಂಗುರ ಎದ್ದಿತ್ತು. ಮರಕ್ಕೂ ಅಲಗಿಗೂ ನಡುವೆ ಅವರ ಉಗುರು ಸಲೀಸಾಗಿ ಒಳಗೆ ಹೋಯಿತು. ಅದು ನನ್ನದು. ನಿನ್ನ ಹತ್ತಿರ ಮುಚ್ಚುಮರೆ ಏನು, ಅದು ನನ್ನದೇ. ಬೆಲ್ಟು ಹಳೆಯದು, ಅಂಟು ಸರಿಯಿಲ್ಲ ಎಂದೆಲ್ಲ ನಾಲಿಗೆ ತುದಿಗೆ ಬಂದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು, ಮಾವ, ಸುಟ್ಟಿರೋದು ನಂದು, ಇನ್ನೊಂದು ಅತ್ತೆಯದು ಅಂದುಬಿಟ್ಟಳು. ನಿಮ್ಮಪ್ಪ ಇನ್ನೊಂದನ್ನು ಕೈಗೆ ತೆಗೆದುಕೊಂಡರು. ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು, ಶಭಾಷ್ ಅಂದರು.

ನಾನು ಸುಮ್ಮನೆ ನಿಂತಿದ್ದೆ. ಸುಮ್ಮನೆ ಎಲ್ಲಿ ಬಂತು, ನಕ್ಕೆ ಕೂಡ.

ಅವಳು ನನ್ನ ಗಿರಾಕಿಗಳನ್ನು ಕಿತ್ತುಕೊಂಡಳು, ಬಾಗಿಲನ್ನು ಕಿತ್ತುಕೊಂಡಳು ಎಂದು ಇಷ್ಟು ದಿನ ಕುದಿಯುತ್ತಿದ್ದೆ. ಅದನ್ನಾದರೂ ಸಹಿಸಬಹುದು. ನಾನು ಆಯುಷ್ಯವೆಲ್ಲ ಕಾದಿದ್ದ ಒಂದು ಮಾತನ್ನು ಅವಳು ಗೆದ್ದು, ತೆಗೆದುಕೊಳ್ಳಿ ಅತ್ತೆ ಎಂದು ನನ್ನ ಕೈಗೆ ಹಾಕಿದಳಲ್ಲ, ಇದನ್ನು ಹೇಗೆ ಸಹಿಸಲಿ? ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಕಪ್ಪು ಉಂಗುರವನ್ನು ದೀಪ ಹಿಡಿದು ತೋರಿಸುತ್ತಿದ್ದೆ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಅದಕ್ಕೇ ಇಷ್ಟು ಹೊಟ್ಟೆಯುರಿ.

ಇನ್ನೊಂದು ವಿಷಯ ನಿನಗೆ ಮಾತ್ರ. ಹೆಬ್ಬೆರಳಿಗೂ ಪಕ್ಕದ ಬೆರಳುಗಳಿಗೂ ಈಚೆಗೆ ಬಿಸಿ ಯಾವುದು, ತಣ್ಣಗಿರುವುದು ಯಾವುದು ತಿಳಿಯುತ್ತಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದರೆ ನಿನ್ನ ಅಣ್ಣ, ಅಮ್ಮನ ಕೈ ಕಬ್ಬಿಣ ಅಂತ ಹೊಗಳುತ್ತಿದ್ದ. ನಾನೂ ಉಬ್ಬುತ್ತಿದ್ದೆ. ನನ್ನ ಕಾವಲುಗಾರ ನಿದ್ದೆ ಹೋಗಿದ್ದಾನೆ ಎಂದು ಮನೆಯಲ್ಲಿ ಕಂಡುಕೊಂಡವಳು ಅವಳೊಬ್ಬಳೇ. ಡಾಕ್ಟರಿಗೆ ತೋರಿಸು ಅಂತ ಬರೆಯಬೇಡ, ತೋರಿಸುತ್ತೇನೆ.

ಬುಧವಾರ ಆ ಅಡುಗೆಯವನು ಬರುತ್ತಾನೆ. ಕಿಟಕಿಯ ಮೇಜು ಸದ್ಯಕ್ಕೆ ನನ್ನದು. ಈ ಬೆರಳುಗಳಲ್ಲಿ ಅಷ್ಟು ಹಿಡಿಗಳನ್ನು ಉಜ್ಜಿ ಕೊಟ್ಟು, ನಾಳೆ ಯಾರದೋ ಕೈಯಲ್ಲಿ ಒಂದು ಕಳಚಿಕೊಂಡು ಅಲಗು ಜಾರಿದರೆ? ನಿಜ ಹೇಳಿದರೆ ಮೇಜು ಹೋಗುತ್ತದೆ, ಶಭಾಷೂ ಹೋಗುತ್ತದೆ. ಮೇಜನ್ನು ಬಿಟ್ಟೇನು. ಶಭಾಷ್ ಬಿಟ್ಟುಕೊಡಲು ಕರುಳು ಕಿತ್ತು ಬರುತ್ತದೆ. ಆದರೂ ನಿಮ್ಮಪ್ಪ ಕುಲುಮೆಯ ಹತ್ತಿರ ಒಬ್ಬರೇ ಇದ್ದಾರೆ, ಈಗಲೇ ಹೋಗಿ ಹೇಳಿ ಬರುತ್ತೇನೆ.

ಉಳಿದಂತೆ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆಯಂತೂ ತುಂಬಾ ಚೆನ್ನಾಗಿದ್ದಾಳೆ.

ಯಾರ ಮೇಲೆ ಉರಿದುಬಿದ್ದರೂ ನಿನ್ನ ಮೇಲೆ ತಂಪಾಗಿಯೇ ಇರುವ
ಅಮ್ಮ

ತಾ.ಕ.: ಹೇಳಿ ಬಂದೆ. ನಿಮ್ಮಪ್ಪ ನನ್ನ ಕೈ ಹಿಡಿದುಕೊಂಡು ಒಂದೊಂದೇ ಬೆರಳನ್ನು ಒತ್ತಿ ನೋಡಿದರು. ಯಾವ ಹಿಡಿ ಯಾರದು ಎಂದು ಅವರಿಗೆ ಅವತ್ತೇ ಗೊತ್ತಾಗಿತ್ತಂತೆ. ನೀನು ಮಾಡಿದ್ದು ಕಣ್ಣು ಮುಚ್ಚಿ ಹಿಡಿದರೂ ನನಗೆ ತಿಳಿಯಲ್ವಾ ಅಂದರು. ಮತ್ತೆ ಶಭಾಷ್ ಅಂದದ್ದು ಏಕೆ ಅಂತ ಕೇಳಿದೆ. ಅದು ಹಿಡಿಗಲ್ಲ ಕಣೇ, ಆ ಹುಡುಗಿ ಹೇಳಿದ ಸುಳ್ಳಿಗೆ ಅಂದರು. ನೋಡಿದೆಯಾ ಗುಬ್ಬಿ, ಕೊನೆಗೆ ಅದೂ ಅವಳದೇ ಆಯಿತು! ನಾಳೆಯಿಂದ ಕಿಟಕಿಯ ಪಕ್ಕ ಅವಳು ಕೂರುತ್ತಾಳೆ, ನಾನು ಅವಳ ಪಕ್ಕದ ಸ್ಟೂಲಿನಲ್ಲಿ. ಆದರೆ ಹಿಡಿಯನ್ನು ಕೆನ್ನೆಗೆ ಒತ್ತಿ ನೋಡುವ ಕೆಲಸ ಇನ್ನು ಮೇಲೆ ನನ್ನದು ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೇನೆ. ಬಾಗಿಲಿನ ಫೋಟೋ ಬದಲಿಸಲು ನಿನ್ನ ಅಣ್ಣನಿಗೆ ನೀನೇ ಹೇಳು. ನಾನಾಗಿ ಕೇಳಿದರೆ ಚೆನ್ನಾಗಿರುವುದಿಲ್ಲ.