ಅರ್ಜಿಯ ಏಳನೆಯ ಪ್ರಶ್ನೆ

ಮಾರ್ಚ್ 9, ಸೋಮವಾರ

ಪ್ರೀತಿಯ ಪುಟ್ಟಕ್ಕ,

ನಿನ್ನೆ ದೇವಾಲಯದ ಹಿಂಬದಿಯ ಗೋಡೆಯಿಂದ ನಿನ್ನ ಫೋಟೋ ಇಳಿಸಿದರು. ಮಿಷನ್ ಸೇವೆಗೆ ಕಳುಹಿಸಿದವರ ಬೋರ್ಡಿನಲ್ಲಿ ಈಗ ನಾಲ್ಕೇ ಜನ. ಸುದ್ದಿ ಮೊದಲು ಹೇಳಿದವನು ಗಂಟೆ ಹೊಡೆಯುವ ಮುದುಕ. ಆರಾಧನೆ ಮುಗಿದು ಜನ ಹೊರಗೆ ಹೋದ ಮೇಲೆ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. “ಸಾರ್, ಫ್ರೇಮು ಸಭೇದಂತೆ, ಫೋಟೋ ನಿಮ್ದಂತೆ. ತಗೊಂಡು ಹೋಗ್ತೀರಾ, ಇಲ್ಲೇ ಇಟ್ಟಿರ್ಲಾ?” ಎಂದ. ತಂದಿದ್ದೇನೆ. ಮೇಜಿನ ಮೇಲೆ, ಈ ಕಾಗದದ ಪಕ್ಕದಲ್ಲೇ ಇದೆ.

ನಿನ್ನ ಕಾಗದ ಬಂದು ಐದು ವಾರವಾಯಿತು. ತಡವಾದದ್ದಕ್ಕೆ ಕ್ಷಮಿಸು. ಮೂವತ್ತೊಂದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವನಿಗೆ ಕಾರಣ ಹೊಂದಿಸುವುದು ಕಷ್ಟವಲ್ಲ. ನಿಜ ಏನೆಂದರೆ, ಈ ಮೊದಲು ನಾಲ್ಕು ಸಲ ಬರೆದು ಹರಿದು ಹಾಕಿದೆ. ನಾಲ್ಕರಲ್ಲೂ ಹವಾಮಾನ ಮೊದಲು ಬಂತು, ನನ್ನ ತಪ್ಪು ಮೂರನೇ ಪುಟಕ್ಕೆ ಹೋಗಿ ಕೂತಿತು.

ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದು ಒಳ್ಳೆಯದಾಯಿತು. ನೀನು ಓದಿದ್ದೂ ಅದನ್ನೇ. ಹಾಸ್ಟೆಲ್ ಕೋಣೆಯ ಬಾಗಿಲಿಗೆ ಒಳಗಡೆ ಎರಡು ಚಿಲಕಗಳಿವೆ ಎಂದು ಬರೆದಿದ್ದೀಯ. ಆ ಸಾಲನ್ನು ನಿನ್ನ ಅಮ್ಮ ನನ್ನಿಂದ ಎರಡು ಸಲ ಓದಿಸಿದಳು.

ಫೋಟೋ ಇಳಿಸಿದ್ದು ಯಾಕೆಂದು ಪಾಸ್ಟರನ್ನು ಕೇಳಿದೆ. “ಎಡಿಟರ್ ಸಾಹೇಬ್ರೇ, ನಿಮಗೆ ನೋವು ಮಾಡೋದು ನಮಗೂ ಇಷ್ಟ ಇಲ್ಲ. ಆದ್ರೆ ದೇವರ ಕರೆ ಬಂದಿದೆ ಅಂತ ಹೇಳಿ, ಎಲ್ಲರ ಕೈಯಲ್ಲಿ ಆಶೀರ್ವಾದ ತಗೊಂಡು ಹೋದವಳು, ಒಂದು ಮಾತೂ ಹೇಳದೆ ಮಿಷನ್ ದವಾಖಾನೆಗೆ ಬೀಗ ಹಾಕಿ ಹೊರಟುಬಿಟ್ಳು. ಜನ ಕೇಳ್ತಾರೆ, ನಾನೇನು ಹೇಳಲಿ?” ಆರ್ಗನ್ ನುಡಿಸುವ ಟೀಚರಮ್ಮ ಹಾಡಿನ ಪುಸ್ತಕ ಜೋಡಿಸುತ್ತಾ, “ಕಷ್ಟ ಇದ್ದಿದ್ರೆ ಒಂದು ಸಾಲು ಬರೀಬಾರದಿತ್ತಾ? ತಿಂಗಳು ತಿಂಗಳು ಎಷ್ಟು ಚೆನ್ನಾಗಿ ಬರೀತಿದ್ಲು” ಎಂದರು.

ಅವರ ಎದುರಿಗೇ ನಿಂತಿದ್ದೆ. ಫೋಟೋ ತೆಗೆದುಕೊಂಡು ಮನೆಗೆ ಬಂದೆ.

ನೀನು ಬರೆದಿದ್ದೆ. ಒಂದು ಸಾಲಲ್ಲ, ಎಷ್ಟೋ ಸಾಲು.

ನಮ್ಮ ಪದ್ಧತಿ ನಿನಗೆ ಗೊತ್ತು. ಮಿಷನ್ನಿನ ಜೀಪು ತಿಂಗಳಿಗೊಮ್ಮೆ ಟಪಾಲು ತರುತ್ತದೆ. ಸೇವೆಗೆ ಹೋದವರು ಒಂದೇ ಕಾಗದ ಬರೆಯುತ್ತಾರೆ. ಸಭೆಯ ಮಾಸಪತ್ರಿಕೆ ನೋಡಿಕೊಳ್ಳುವವನು ಅದನ್ನು ತಿದ್ದಿ, ಮೊದಲ ಭಾನುವಾರ ಎಲ್ಲರೆದುರು ಓದುತ್ತಾನೆ. ಆಮೇಲೆ ಅಚ್ಚಿಗೆ ಹೋಗುತ್ತದೆ. ನೋಡಿಕೊಳ್ಳುವವನು ನಾನು. ಒಂದೇ ಹಾಳೆಯಲ್ಲಿ ನೀನು ಪತ್ರಿಕೆಗೂ ಬರೆದೆ, ಅಪ್ಪನಿಗೂ ಬರೆದೆ. ಓದಿದ್ದು ಪತ್ರಿಕೆಯವನು ಮಾತ್ರ.

ಮೊದಲ ವರ್ಷದ ಜೂನ್ ಕಾಗದ ನನ್ನ ಮುಂದಿದೆ. ನಿನ್ನ ಅಕ್ಷರದಲ್ಲಿ ಹೀಗಿದೆ: “ನರ್ಸಮ್ಮ ಕೆಲಸ ಬಿಟ್ಟು ಹೋದರು. ಇಷ್ಟು ದೊಡ್ಡ ಕಟ್ಟಡದಲ್ಲಿ ನಾನೊಬ್ಬಳೇ. ಬಾಗಿಲಿನ ಚಿಲಕ ಮುರಿದಿದೆ, ಕುರ್ಚಿ ಅಡ್ಡ ಇಟ್ಟು ಮಲಗುತ್ತೇನೆ. ನನ್ನನ್ನು ವಾಪಸ್ ಕರೆಸಿಕೊಳ್ಳಿ.” ಅದರ ಮೇಲೆ ನನ್ನ ಕೆಂಪು ಪೆನ್ಸಿಲ್ ಓಡಿದೆ. ನಾನು ಓದಿದ್ದು ಹೀಗೆ: “ಈಗ ಇಡೀ ದವಾಖಾನೆಯ ಹೊಣೆ ನಮ್ಮ ಸಹೋದರಿಯ ಮೇಲಿದೆ. ಪ್ರಾರ್ಥನೆಯಲ್ಲಿ ನೆನೆಯಿರಿ.” ಸಭೆಯವರೆಲ್ಲ ಆಮೆನ್ ಎಂದರು. ಟೀಚರಮ್ಮ ಕಣ್ಣೊರೆಸಿಕೊಂಡರು. ನನ್ನ ವಾಕ್ಯ ಚೆನ್ನಾಗಿ ಬಂದಿದೆ ಎಂದು ನನಗೂ ಅನ್ನಿಸಿತು.

ಮನೆ ನೆನಪಾಗಿ ಹೀಗೆ ಬರೆಯುತ್ತಾಳೆ, ಎಲ್ಲರೂ ಮೊದಮೊದಲು ಹೀಗೇ, ಎಂದುಕೊಂಡೆ. ಚಿಲಕದ ವಿಷಯ ಇನ್ನೂ ಮೂರು ಕಾಗದಗಳಲ್ಲಿ ಬಂತು. ಒಂದರ ಅಂಚಿನಲ್ಲಿ ನಾನೇ ಬರೆದಿದ್ದೇನೆ: “ಪುನರಾವರ್ತನೆ. ಬಿಡಬಹುದು.”

ಆಮೇಲಿನದು ನಿನಗೇ ಗೊತ್ತು; ನನಗೆ ತಿಳಿದದ್ದು ಐದು ವಾರದ ಹಿಂದಿನ ನಿನ್ನ ಕಾಗದದಿಂದ. ಕುಡುಕನೊಬ್ಬ ಹಾಡಹಗಲೇ ಒಳಗೆ ನುಗ್ಗಿದ. ನೀನು ಔಷಧಿ ಕೋಣೆಯೊಳಗೆ ಸೇರಿ, ಬಾಗಿಲಿಗೆ ಬೆನ್ನು ಕೊಟ್ಟು, ಅವನು ಹೋಗುವವರೆಗೆ ಕೂತಿದ್ದೆ. ಮರುದಿನ ಜೀಪು ಬಂತು, ಹತ್ತಿದೆ. ಯಾರಿಗೂ ಹೇಳಲಿಲ್ಲ ಎನ್ನುತ್ತಾರೆ. ಹೇಳಿ ಹೇಳಿ ಸಾಕಾಗಿತ್ತು ಎಂದು ನನಗೆ ಈಗ ಅರ್ಥವಾಗಿದೆ.

ನಿನ್ನ ಅಮ್ಮ ಮೂಲ ಕಾಗದ ಒಂದನ್ನೂ ನೋಡಿರಲಿಲ್ಲ. ಕೇಳಿದಾಗಲೆಲ್ಲ ಅಚ್ಚಿಗೆ ಹೋಗಿದೆ ಎನ್ನುತ್ತಿದ್ದೆ. ನಿನ್ನೆ ಮಧ್ಯಾಹ್ನ ಫೈಲು ತಂದು ಅವಳ ಮುಂದಿಟ್ಟೆ. ಇಪ್ಪತ್ತೆರಡು ಕಾಗದಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಕೆಂಪು ಗೀಟಿನ ಕೆಳಗಿನದನ್ನು ಬೆರಳಿಟ್ಟು ಓದಿದಳು. ಮುಗಿಸಿ ಇಷ್ಟೇ ಹೇಳಿದಳು: “ಮುಂದಿನ ಬೆಂಚಲ್ಲಿ ಕೂತು ನಾನೂ ಆಮೆನ್ ಅಂದೆನಲ್ಲ ರೀ.” ಕಾಗದಗಳನ್ನು ಮತ್ತೆ ಫೈಲಿಗೆ ಸೇರಿಸುತ್ತಾ, “ಒಂದು ಚಿಲಕ. ಅದೇ ಜೀಪಲ್ಲಿ ಕಳಿಸಬಹುದಿತ್ತು.”

ಅಲ್ಲಿಂದ ನನ್ನ ಜೊತೆ ಮಾತಿಲ್ಲ. ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಾಳೆ. ಇವತ್ತು ಬೆಳಿಗ್ಗೆ ಗೋಡೆಗೆ ಹೇಳಿದ್ದು: “ಕೆಲವರಿಗೆ ಕಾಫಿ ಬೇಕಿದ್ರೆ ಕೈಕಾಲು ಇದೆ.” ಮಾಡಿಕೊಂಡೆ. ಸಕ್ಕರೆ ಹಾಕುವುದು ಮರೆತೆ.

ಊಟ ಬಿಡಬೇಡ. ಗಾಜಿನ ಸ್ಲೈಡುಗಳನ್ನು ಕೈಗವಸು ಇಲ್ಲದೆ ಮುಟ್ಟಬೇಡ. ಭಾನುವಾರ ದೇವಾಲಯಕ್ಕೆ ಹೋಗುತ್ತೀಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಆ ಹಕ್ಕು ಕಳೆದುಕೊಂಡಿದ್ದೇನೆ. ದೇವರು ನಿನ್ನನ್ನು ಕಾಯಲಿ, ನನ್ನಂಥವರ ಒಳ್ಳೆಯ ಉದ್ದೇಶಗಳಿಂದಲೂ ಕಾಯಲಿ.

ಇಂತಿ,
ನಿನ್ನ ಅಪ್ಪ

ಮರೆತದ್ದು: ಮರೆತಿರಲಿಲ್ಲ, ಕೊನೆಗೆ ಇಟ್ಟುಕೊಂಡಿದ್ದೆ. ಸೇವೆಗೆ ಹೋಗಲು ಮಿಷನ್ನಿಗೆ ಕೊಟ್ಟ ನಿನ್ನ ಅರ್ಜಿಯ ಏಳನೆಯ ಪ್ರಶ್ನೆ, “ದೇವರ ಕರೆ ನಿಮಗೆ ಯಾವಾಗ, ಹೇಗೆ ಬಂತು?” ನೀನು ಅದನ್ನು ಖಾಲಿ ಬಿಟ್ಟಿದ್ದೆ. ಬರೆದವನು ನಾನು. ಮೂರನೇ ಬೆಂಚು, ಬೋಧಕರು “ಯಾರು ಹೋಗುತ್ತೀರಿ” ಎಂದು ಕೇಳಿದ್ದು, ಎದೆ ಡವಗುಟ್ಟಿದ್ದು, ಅರ್ಧ ಎದ್ದು ನಿಂತದ್ದು. ನೀನು ಓದಿ, “ಅಪ್ಪ, ಇದು ನನಗೆ ಆಗಿದ್ದಲ್ಲವಲ್ಲ” ಎಂದೆ. “ಎಲ್ಲರಿಗೂ ಹೆಚ್ಚುಕಡಿಮೆ ಹೀಗೇ ಆಗುತ್ತೆ, ಸಹಿ ಹಾಕು” ಎಂದು ನಾನು ಹೇಳಿದೆ. ಅದು ಆಗಿದ್ದು ನನಗೆ, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ. ದಿನಪತ್ರಿಕೆ ಕೆಲಸದ ನೇಮಕಾತಿ ಪತ್ರ ಜೇಬಿನಲ್ಲಿತ್ತು. ಅರ್ಧ ಎದ್ದವನು ಮತ್ತೆ ಕೂತೆ. ಕರೆ ನನ್ನದು, ಹೋದವಳು ನೀನು.

ಗುರುವಾರ ಸಂಜೆ ಐದಕ್ಕೆ ಸಭೆಯ ಸಮಿತಿ ಸೇರುತ್ತದೆ. ಇಪ್ಪತ್ತೆರಡು ಕಾಗದಗಳನ್ನೂ ಏಳನೆಯ ಉತ್ತರವನ್ನೂ ನಾನು ಪೂರ್ತಿ ಓದುತ್ತೇನೆ.