ಅಮ್ಮನ ಟ್ಯಾಂಕು

ಮೇ ಇಪ್ಪತ್ತೆಂಟು, ಗುರುವಾರ. ಉತುವಾದೊ ಊರು.

ಬಿರುಗಾಳಿಯ ಕಾಲ ಬರುವುದರೊಳಗೆ ಸೋಲಾರ್ ಹಾಕಿಸಲೇಬೇಕು. ಕರೆಂಟು ಹೋದರೆ ಅಮ್ಮನ ಉಸಿರಿನ ಮೆಷಿನ್ನು ಬೆಳಗಿನವರೆಗೆ ಬ್ಯಾಟರಿಯಲ್ಲೇ ಓಡಬೇಕು. ಯಾರ ಕೈಲಿ ಹಾಕಿಸಲಿ ಎಂಬ ಚಿಂತೆಯಲ್ಲಿ ಅನ್ನ ಸೇರುತ್ತಿಲ್ಲ.

ಸೋಲಾರ್ ಹಾಕುವವರು ಇಬ್ಬರು ಸಿಕ್ಕಿದ್ದಾರೆ. ಒಬ್ಬ ವಿಲ್ಫ್ರೆದೊ, ನಾಳೆಯೇ ಬರುತ್ತಾನಂತೆ. ತಾರಸಿ ಹತ್ತಲೇ ಇಲ್ಲ, ಫೋನಿನಲ್ಲಿ ಮನೆಯ ಚಿತ್ರ ನೋಡಿ, "ಆಯ್ತು ಬಿಡಿ ಅಮ್ಮಾವ್ರೇ" ಅಂದ. ಇನ್ನೊಬ್ಬ ಇರಿಸಾರಿ ಮಾತ್ರ ಹತ್ತಿ ನೋಡಿ, "ನೀರಿನ ಟ್ಯಾಂಕು ಕೆಳಗಿಳಿಸಿ, ಆಮೇಲೆ ಕರೀರಿ" ಎಂದು ಹೋದ.

ಅಮ್ಮ ಕೇಳಬೇಕಲ್ಲ! "ಆವತ್ತು ಚಂಡಮಾರುತ ಬಂದಾಗ ಇಡೀ ಬೀದಿಗೆ ನೀರು ಕುಡಿಸಿದ್ದು ಅದೇ ಕಣೇ. ಮೊದ್ಲು ನನ್ನ ಹೆಣ ಇಳೀಲಿ, ಆಮೇಲೆ ಅದನ್ನ ಇಳ್ಸು!"

ಮಧ್ಯಾಹ್ನ ಪಕ್ಕದ ಮನೆಯ ನೆರೈದಾಳ ಫೋನಿನಲ್ಲಿ ಅವಳ ಸೋಲಾರ್ ಎಷ್ಟು ಕರೆಂಟು ಕೊಡುತ್ತಿದೆ ಅಂತ ನೋಡಿದೆ. ಅವಳಿಗೆ ಹಾಕಿಕೊಟ್ಟವನು ವಿಲ್ಫ್ರೆದೊನೇ. ಮೂರು ಗಂಟೆಯಾಗುತ್ತಲೇ ಕರೆಂಟಿನ ಗೆರೆ ದಬಕ್ಕನೆ ಕೆಳಗೆ ಬಿತ್ತು.

"ಮೋಡ ಕಣೇ. ನೀನೊಬ್ಳು ಹೆದರುಪುಕ್ಲಿ!" ಎಂದಳು ನೆರೈದಾ.

ಮೋಡ ಎಲ್ಲಿತ್ತು? ಅವಳ ತಾರಸಿ ಹತ್ತಿ ನೋಡಿದರೆ ಅವಳ ಟ್ಯಾಂಕಿನ ನೆರಳು ಪ್ಯಾನೆಲ್ಲಿನ ಮೇಲೆ ಹಾಯಾಗಿ ಮಲಗಿತ್ತು. ನಮ್ಮಲ್ಲೂ ಹೀಗಾದರೆ ಬ್ಯಾಟರಿ ತುಂಬುವುದು ಯಾವಾಗ?

ವಿಲ್ಫ್ರೆದೊಗೆ ಬರಬೇಡ ಅಂದುಬಿಟ್ಟೆ. ಇರಿಸಾರಿಯನ್ನು ಕರೆದಿದ್ದೇನೆ. ಅಮ್ಮನಿಗೆ ಹೇಳಿಲ್ಲ. ಟ್ಯಾಂಕು ಇಳಿಸಿದ ದಿನವೇ ನನ್ನ ಜೊತೆ ಮಾತು ಬಿಡುತ್ತಾಳೆ, ಗೊತ್ತು. ಬಿಡಲಿ. ಮಾತು ಬಿಡುವುದಕ್ಕಾದರೂ ಅವಳು ಉಸಿರಾಡುತ್ತಿರಬೇಕಲ್ಲ...