ನೀಲಿ ಅದ್ದಿದ ವಾರ

ಚೆಲುವರಾಜು,

ನೀನು ಗಾಢನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ಒಲೆಯ ಮೇಲೆ ಗಂಜಿ ಇದೆ, ಕುಡಿ. ಇವತ್ತು ಬಣ್ಣದ ಕಾರ್ಖಾನೆಗೆ ಹೋಗಬೇಡ. ಮೇಸ್ತ್ರಿ ಆಳು ಕಳಿಸಿದರೆ ಅಕ್ಕ ಬೇಡ ಅಂದಳು ಅನ್ನು, ಬೈಗುಳ ನನಗೇ ಬರಲಿ.

ಬಚ್ಚಲಲ್ಲಿ ನಿನಗೆ ಉಚ್ಚೆ ಕೆಂಪಗೆ ಹೋಗಿದ್ದು ಕಂಡೆ. ಕೇಳಿದರೆ "ಬಣ್ಣ ಕಣಕ್ಕ, ರೇಷ್ಮೆ ಅದ್ದೋರಿಗೆಲ್ಲ ಅಂಗೇ" ಅಂತ ನಕ್ಕುಬುಟ್ಟೆ. ನಿಮ್ಮ ಭಾವನವರೂ ಅದೇ ಹಂಡೆಯ ಮುಂದೆ ನಿಂತವರು, ಅದೇ ಮಾತು ಹೇಳಿ ನಗುತ್ತಿದ್ದರು. ಆಮೇಲೆ ಉಷ್ಣ ಅಂತ ಬಾರ್ಲಿ ನೀರು ಕುಡಿದರು. ಕೊನೆಗೆ ಡಾಕ್ಟರು ಮೂತ್ರಕೋಶದಲ್ಲಿ ಗೆಡ್ಡೆ ಬೆಳೆದಿದೆ, ತಡವಾಯ್ತು ಅಂದರು. ಅವರ ಜೊತೆಗಾರ ಪುಟ್ಟಣ್ಣನೂ ಹಾಗೇ ಹೋದ. ಇಬ್ಬರಿಗೂ ಒಂದೇ ಕಾಯಿಲೆ ಎಲ್ಲಿಂದ ಬಂತು? ಆ ಬಣ್ಣದ ಪುಡಿಯ ಮೇಲೇ ನನಗೆ ಅನುಮಾನ. ಡಬ್ಬ ತೆರೆಯುವಾಗ ಮೇಸ್ತ್ರಿ ಮೂಗಿಗೆ ಟವೆಲ್ ಕಟ್ಟಿಕೊಂಡು ದೂರ ನಿಲ್ಲುತ್ತಾನೆ, ಪುಡಿ ಕಲಸೋದು ಮಾತ್ರ ನಿಮ್ಮ ಬರಿಗೈ. ಬುತ್ತಿ ತಂದಾಗೆಲ್ಲ ನೋಡಿದ್ದೀನಿ.

ನಾನು ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಂತಿರುತ್ತೇನೆ. ಕಾರ್ಖಾನೆ ಇರೋ ಮಂಡಿ ಮೊಹಲ್ಲಾ ಕಡೆ ತಿರುಗದೆ ನೇರ ಆಸ್ಪತ್ರೆಗೆ ಬಾ. ಡಾಕ್ಟರ ಮುಂದೆಯೂ ಬಣ್ಣ ಅಂದುಬುಟ್ಟೀಯ, ಜೋಕೆ. ನಿನ್ನ ಉಗುರು ನೋಡಿಕೊ. ಈ ವಾರವೆಲ್ಲ ನೀನು ಅದ್ದಿದ್ದು ನೀಲಿ ಕಣೋ.

ದೇವೀರಕ್ಕ